40ಕ್ಕೆ 31

(ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರದ ಸಾರ: ತಂಗಿಯ ಗಂಡ ಎರಡು ವರ್ಷದಿಂದ ನಮ್ಮ ಅಡಿಕೆ ಮಾರಿಕೊಡುತ್ತಿದ್ದಾನೆ. ದುಡ್ಡು ಪೂರ್ತಿ ಕೈಗೆ ಬಂದದ್ದಿಲ್ಲ, ಕೇಳಿದರೆ ನಗುತ್ತಾನೆ. ಅಪ್ಪನ ಬೊಜ್ಜದ (ಉತ್ತರಕ್ರಿಯೆಯ) ದಿನ ಎಲ್ಲರೆದುರು ಅತ್ತವನು ಊಟದೆಲೆ ತೆಗೆಯುವ ಮೊದಲೇ "ಹಳೆ ಅಡಿಕೆ ಎಷ್ಟುಂಟು?" ಎಂದ. ಮೊಬೈಲಿನಲ್ಲಿ ಸಿಕ್ಕಿದ ಹೇರ್ ಪಟ್ಟಿಯಲ್ಲಿ ಅಂಕ ಹಾಕಿ ನೋಡಿದೆ, 40ಕ್ಕೆ 31. ಅವನು ಸೈಕೋಪಾತ್ ತಾನೇ? ತಂಗಿಗೆ ಹೇಳಲೇ?)

ನಿಮ್ಮ ಸಿಟ್ಟು ಅರ್ಥವಾಯಿತು, ಲೆಕ್ಕ ಅರ್ಥವಾಗಲಿಲ್ಲ. ಸೈಕೋಪಾತ್ ಅಂದರೆ ಕರುಣೆ, ಪಶ್ಚಾತ್ತಾಪ ಇಲ್ಲದೆ ಮೋಸ ಮಾಡುವ ಸ್ವಭಾವದವನು. ಅದನ್ನು ಅಳೆಯಲು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ 1991ರಲ್ಲಿ ಪ್ರಕಟಿಸಿದ ಆ ಪಟ್ಟಿಯಲ್ಲಿ 20 ಅಂಶಗಳು, ಒಂದೊಂದಕ್ಕೆ 0, 1 ಇಲ್ಲವೇ 2. ಅಮೆರಿಕದ ಕಡೆ 30 ಅಂದರೆ ಗಡಿ. ಆದರೆ ಅದು ಜೈಲಿನಲ್ಲಿರುವವರನ್ನು ನೋಡಿ ಕಟ್ಟಿದ್ದು. ತರಬೇತಾದವರು ಗಂಟೆಗಟ್ಟಲೆ ಮಾತಾಡಿಸಿ, ಕಡತ ತಿರುವಿ ಹಾಕುವ ಅಂಕ. ಬಾಲಾಪರಾಧ, ಷರತ್ತಿನ ಬಿಡುಗಡೆ ರದ್ದಾದದ್ದು, ಬಗೆಬಗೆಯ ಅಪರಾಧ ಎಲ್ಲ ಅದರಲ್ಲಿ ಉಂಟು. ಠಾಣೆಯ ಮೆಟ್ಟಿಲನ್ನೇ ಹತ್ತದ ನಿಮ್ಮ ಭಾವನಿಗೆ ಅಲ್ಲೆಲ್ಲ ಎಷ್ಟು ಹಾಕಿದಿರಿ?

ತಜ್ಞರ ಜಗಳವೂ ಇಲ್ಲೇ. ಅಪರಾಧವು ಈ ಸ್ವಭಾವದ ಭಾಗವೋ, ಅದರ ಫಲವೋ? ಫಲ ಎಂದ ಡೇವಿಡ್ ಕುಕ್ ಮತ್ತು ಕ್ರಿಸ್ಟೀನ್ ಮಿಚೀ 2001ರಲ್ಲಿ ಅಪರಾಧವನ್ನು ಹೊರಗಿಟ್ಟು ಮೂರೇ ಎಳೆ ಉಳಿಸಿಕೊಂಡರು: ಮರುಳುಮಾಡುವ ಮೋಸದ ನಡೆ, ಕರಗದ ಮನಸ್ಸು, ಹಿಂದುಮುಂದಿಲ್ಲದ ಬೇಜವಾಬ್ದಾರಿ. ಹೇರ್ ಒಪ್ಪಲಿಲ್ಲ, ಸಮಾಜವಿರೋಧಿ ನಡತೆಯನ್ನು ನಾಲ್ಕನೆಯ ಎಳೆಯಾಗಿ ಉಳಿಸಿಕೊಂಡರು. ನನಗೆ ಕುಕ್ ಪಕ್ಷವೇ ಸರಿ ಕಾಣುತ್ತದೆ. ಸಿಕ್ಕಿಬಿದ್ದವನನ್ನೇ ಅಳೆದರೆ, ಸಿಕ್ಕಿಬೀಳದಷ್ಟು ನಯವಾದವನು ಲೆಕ್ಕಕ್ಕೇ ಬರುವುದಿಲ್ಲವಲ್ಲ.

ಅಮೆರಿಕದ ಮನೋವೈದ್ಯ ಹರ್ವೀ ಕ್ಲೆಕ್ಲೀ ಸೈಕೋಪಾತ್‌ಗೆ ಕೊಟ್ಟ 16 ಲಕ್ಷಣಗಳಲ್ಲಿ ಮೊದಲನೆಯದೇ ಮೇಲ್ನೋಟದ ಸೊಗಸು, ಒಳ್ಳೆಯ ಬುದ್ಧಿ. ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ಮುಖದ ತುಂಬ ಬಿಳಿ ಚುಕ್ಕೆಗಳ ಚಿಟ್ಟಿ ಇಟ್ಟು, ಅಬ್ಬರ ಕೊಟ್ಟೇ ಬರುತ್ತದೆ. ರಾಕ್ಷಸ ಎಂದು ಮಕ್ಕಳಿಗೂ ಗೊತ್ತು. ಕ್ಲೆಕ್ಲೀ ಕಂಡ ಸೈಕೋಪಾತ್‌ಗಳಿಗೆ ಚಿಟ್ಟಿ ಇರಲಿಲ್ಲ.

ಇನ್ನೊಂದು ಮಾದರಿ ಕ್ರಿಸ್ಟೋಫರ್ ಪ್ಯಾಟ್ರಿಕ್ ಮತ್ತು ಸಂಗಡಿಗರದು, 2009ರದು. ಅವರು ಮೂರು ಗುಣಗಳನ್ನು ಬೇರೆ ಬೇರೆ ಅಳೆಯುತ್ತಾರೆ: ಎದೆಗಾರಿಕೆ, ನಿರ್ದಯೆ, ಲಗಾಮಿಲ್ಲದಿರುವುದು. ಇದು ನನಗೆ ಹೆಚ್ಚು ಉಪಯೋಗದ್ದು. ಕೊಯ್ಲಿಗೆ ಬರುವವನು ಅಡಿಕೆ ಮರದ ತುದಿಯಲ್ಲಿ ಬಳುಕಿ ಪಕ್ಕದ ಮರ ಹಿಡಿಯುತ್ತಾನಲ್ಲ, ಕೆಳಗೆ ನಿಂತ ನಮ್ಮ ಜೀವ ಬಾಯಿಗೆ ಬರುತ್ತದೆ. ಎದೆಗಾರಿಕೆ ಅವನಿಗೆ ಧಾರಾಳ ಉಂಟು, ಸಂಜೆ ಮಗುವಿಗೆ ಬಿಸ್ಕೆಟ್ ಕಟ್ಟಿಸಿಕೊಂಡೇ ಮನೆಗೆ ಹೋಗುತ್ತಾನೆ. ಹೆದರದಿರುವುದೇ ರೋಗವಲ್ಲ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಕೇ ಎಂಬ ಬಗ್ಗೆಯೇ ತಕರಾರುಂಟು.

ಮನುಷ್ಯನ ಸ್ವಭಾವವನ್ನೆಲ್ಲ ಐದು ಗುಣಗಳಲ್ಲಿ ಅಳೆಯುವ ಮಾದರಿಯವರಂತೂ ಇದು ಬೇರೆ ಜಾತಿಯ ಮನುಷ್ಯನಲ್ಲ, ನಮ್ಮೆಲ್ಲರಲ್ಲಿರುವ ಹೊಂದಾಣಿಕೆ, ಶಿಸ್ತು ತೀರಾ ತಳಕ್ಕಿಳಿದ ಸ್ಥಿತಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೈಕೋಪಾತ್ ಎಂಬ ಪ್ರತ್ಯೇಕ ರೋಗವೇ ಇಲ್ಲ. ಅಲ್ಲಿರುವುದು ಸಮಾಜವಿರೋಧಿ ವ್ಯಕ್ತಿತ್ವದ ತೊಂದರೆ, ಅದಕ್ಕೂ 15 ತುಂಬುವ ಮೊದಲೇ ನಡತೆಯ ತೊಂದರೆ ಶುರುವಾಗಿರಬೇಕು. ನಿಮ್ಮ ಭಾವನ ಬಾಲ್ಯ ನಿಮಗೆ ಗೊತ್ತೇ?

ಬೊಜ್ಜದ ಊಟದ ಮಾತು ನನಗೂ ಚುಚ್ಚಿತು. ಆದರೆ ಬೊಜ್ಜದ ಚಪ್ಪರದಲ್ಲಿ ಅಡಿಕೆಯ ರೇಟು ಮಾತಾಡದ ಮನೆ ನಮ್ಮ ಕಡೆ ಎಷ್ಟಿದ್ದಾವು?

ತಂಗಿಗೆ ಆ 31ನ್ನು ತೋರಿಸಬೇಡಿ. ಬಾಕಿಯ ಲೆಕ್ಕ ತೋರಿಸಿ, ಅವಳಿಗೆ ಅಲ್ಲಿ ಹೆದರಿಕೆ ಉಂಟೇ ಎಂದು ಒಬ್ಬಳೇ ಇರುವಾಗ ಕೇಳಿ. ಈ ಸಲದ ಅಡಿಕೆಯನ್ನು ನೀವೇ ಅಂಗಡಿಗೆ ಒಯ್ದು, ತೂಕದ ಚೀಟಿ ನಿಮ್ಮ ಹೆಸರಿನಲ್ಲೇ ಬರೆಸಿಕೊಳ್ಳಿ.

- ಸಂ.