ಐಎಲ್-6 ಮೇಲೆ ಯಾಕಿಷ್ಟು ಸಿಟ್ಟು?

ಪತ್ರ: ಕೋವಿಡ್ ಬಂದಾಗ ಅಪ್ಪನ ರಕ್ತದಲ್ಲಿ ಐಎಲ್-6 ವಿಪರೀತ ಏರಿತ್ತು. ಪುಣ್ಯಕ್ಕೆ ಹುಷಾರಾದರು. ಇಂಥ ವಿಷವನ್ನು ನಮ್ಮ ದೇಹವೇ ಯಾಕೆ ತಯಾರಿಸುತ್ತದೆ? ಈಗ ನಾನು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸುತ್ತೇನೆ, ಅದು ಇಳಿಯಲೆಂದು ಕಷಾಯವನ್ನೂ ಕುಡಿಯುತ್ತೇನೆ. ಸರಿ ತಾನೇ?
– ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ: ಅಪ್ಪನನ್ನು ಇಷ್ಟು ಜತನದಿಂದ ನೋಡಿಕೊಂಡ ನೀವು ಐಎಲ್-6ಗೆ ಮಾತ್ರ ಅನ್ಯಾಯ ಮಾಡಿದ್ದೀರಿ. ಇಂಟರ್ಲ್ಯೂಕಿನ್-6 ಅಂತ ಅದರ ಪೂರ್ತಿ ಹೆಸರು, ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನ್ ಅದು. 1986ರಲ್ಲಿ ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ, ತೊಶಿಯೊ ಹಿರಾನೊ ಮತ್ತು ಸಂಗಡಿಗರು ಇದರ ಜೀನ್ ಹಿಡಿದರು. ರಕ್ತದಲ್ಲಿರುವ ಬಿ ಕೋಶಗಳೆಂಬ ರಕ್ಷಕರಿಗೆ, ರೋಗಾಣುಗಳನ್ನು ಹಿಡಿಯುವ ಪ್ರತಿಕಾಯ (ಆಂಟಿಬಾಡಿ) ತಯಾರಿಸಲು ಹೇಳುವುದು ಯಾವುದು ಅಂತ ಅವರು ಹುಡುಕುತ್ತಿದ್ದರು. ಕಾಲಿಗೆ ಮುಳ್ಳು ಚುಚ್ಚಿ ಕೀವಾಯಿತು ಅನ್ನಿ. ಅಲ್ಲಿನ ಕೋಶಗಳು ಐಎಲ್-6 ಬಿಡುತ್ತವೆ. ಸುದ್ದಿ ತಲುಪಿದ ಲಿವರ್ ಸಿಆರ್‌ಪಿ ಎಂಬ, ಉರಿಯೂತದ ಸುಳಿವು ಕೊಡುವ ಪ್ರೋಟೀನ್ ತಯಾರಿಸುತ್ತದೆ, ಮಿದುಳು ಮೈ ಬಿಸಿ ಮಾಡುತ್ತದೆ. ಇನ್ನೂ ಸೋಜಿಗ ಅಂದರೆ, ದುಡಿಯುವ ಸ್ನಾಯುಗಳೂ ಇದನ್ನು ಬಿಡುತ್ತವೆ. ಮ್ಯಾರಥಾನ್ ಓಡಿದವರಲ್ಲಿ ನೂರು ಪಟ್ಟು ಏರಬಹುದು. ಅದೇನು ಕಾಯಿಲೆ ಅಲ್ಲ ಅಲ್ವಾ?

ಅತಿಯಾದರೆ ಅಪಾಯ, ಒಪ್ಪುತ್ತೇನೆ. ರುಮಟಾಯ್ಡ್ ಸಂಧಿವಾತದಲ್ಲಿ ಇದರ ಕಾಟಕ್ಕೆ ಕೀಲುಗಳು ಹಾಳಾಗುತ್ತವೆ. ಕೋಶದಲ್ಲಿ ಈ ಸುದ್ದಿಯನ್ನು ಹಿಡಿದುಕೊಳ್ಳುವ ಗ್ರಾಹಿಯನ್ನು ತಡೆಯುವ ಟೊಸಿಲಿಜುಮಾಬ್ ಎಂಬ ಮದ್ದು ಅಂಥವರಿಗೆ ವರವೇ. ಆದರೆ ಆ ಮದ್ದು ತಗೊಳ್ಳುವವರಿಗೆ ನ್ಯುಮೋನಿಯಾ ಆದರೂ ಜ್ವರ ಕಾಣದೇ ಹೋಗಬಹುದು, ಸಿಆರ್‌ಪಿಯೂ ಏರದಿರಬಹುದು. ಸುದ್ದಿ ನಿಲ್ಲಿಸಿದರೆ ಹೀಗೇ ಆಗುವುದು.

ಕೋವಿಡ್ಡಿನ ಎರಡನೇ ಅಲೆ, 2021ರ ಏಪ್ರಿಲ್, ಮೇ ನೆನಪಿದೆಯಲ್ಲ? ಅರ್ಧರಾತ್ರಿ ಫೋನು: “ಸಾರ್, ಐಎಲ್-6 ಎಂಬತ್ತು ಬಂದಿದೆ, ಎಲ್ಲಾದ್ರೂ ಟೊಸಿ ಸಿಗುತ್ತಾ?” ಹಿಂದೆಯೇ ವಾಟ್ಸಾಪಿನಲ್ಲಿ ರಿಪೋರ್ಟು. ಆ ಒಂದು ಸಾಲು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ‘7ಕ್ಕಿಂತ ಕಡಿಮೆ’. ಆಕ್ಸಿಜನ್ ಎಷ್ಟಿದೆ ಅಂತ ಕೇಳಿದರೆ ಉತ್ತರವೇ ಇರುತ್ತಿರಲಿಲ್ಲ. ಕೋವಿಡ್ ಮದ್ದುಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆ ಮದ್ದು ಕೊಟ್ಟದ್ದು ಆಕ್ಸಿಜನ್ ಕುಸಿದು, ಸಿಆರ್‌ಪಿ 75 ಮುಟ್ಟಿದವರಿಗೆ. ಆ ಮದ್ದು ಸಿಗದವರಲ್ಲಿ 28 ದಿನದೊಳಗೆ ಸತ್ತವರು ಶೇ. 35, ಮದ್ದು ಸಿಕ್ಕವರಲ್ಲಿ ಶೇ. 31. ದೊಡ್ಡ ಲಾಭವೇ. ಆದರೆ ಒಡವೆ ಅಡವಿಟ್ಟು ಕಾಳಸಂತೆಯಲ್ಲಿ ಕೊಂಡವರಲ್ಲಿ ಎಷ್ಟು ಜನರಿಗೆ ಇದನ್ನು ಬಿಡಿಸಿ ಹೇಳಿದ್ದರು?

ನನ್ನ ಸಂಕಟ ಇದೇ. ಇಮ್ಯುನಿಟಿ ಏರಿಸುವ ಪುಡಿ, ಅದೇ ಇಮ್ಯುನಿಟಿಯ ಸುದ್ದಿಗಾರನನ್ನು ಇಳಿಸುವ ಕಷಾಯ, ಎರಡನ್ನೂ ನಮಗೇ ಮಾರುತ್ತಾರೆ. ಲ್ಯಾಬುಗಳು ಪ್ಯಾಕೇಜ್ ಹೆಸರಲ್ಲಿ ಅಂಕಿ ಕೊಟ್ಟು ಕಳಿಸುತ್ತವೆ, ಅರ್ಥ ಹೇಳುವವರಿಲ್ಲ. ಪತ್ರಿಕೆಗಳು ಜಾಹೀರಾತು ಹಾಕಿಕೊಂಡು ಸುಮ್ನಿರುತ್ತವೆ. ವಿಜ್ಞಾನಕ್ಕೆ ವಾರಕ್ಕೆ ಅರ್ಧ ಪುಟ ಕೇಳಿದರೂ ಜಾಗ ಇಲ್ಲ ಅನ್ನುತ್ತವೆ.

ಆರೋಗ್ಯವಾಗಿದ್ದೀರಿ, ಮುಂದಿನ ವರ್ಷದ ಟೆಸ್ಟ್ ಬಿಡಿ. ಆ ದುಡ್ಡಿನಲ್ಲಿ ಅಪ್ಪನನ್ನು ಒಮ್ಮೆ ಶ್ವಾಸಕೋಶದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದಾ ಅಂತ ಅವರನ್ನೇ ಕೇಳಿ.