ಓದುಗರನ್ನು ಸಮಾಧಾನಪಡಿಸುವ ಹೊಣೆ ನಿಮ್ಮದಲ್ಲ

ಮಾನ್ಯರೇ,

ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿನಗಳನ್ನು ಕುರಿತು ನೀವು ಕಳುಹಿಸಿದ ‘ನಗುತ್ತಲೇ ಗೆದ್ದೆ’ ಎಂಬ ಹಾಸ್ಯ ಪ್ರಬಂಧವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಿದ್ದಿ ಬರೆದು ಮತ್ತೆ ಕಳುಹಿಸಬೇಕೆಂಬ ಕೋರಿಕೆಯೂ ಜೊತೆಗೇ ಇದೆ. ಕಾಯಿಲೆಯವರ ಬರಹವೆಂದು ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸುವುದು ಸುಲಭವಿತ್ತು. ಆದರೆ ಅಂಥ ದಾಕ್ಷಿಣ್ಯದ ಮಾತುಗಳಿಂದ ನೀವೆಷ್ಟು ಬೇಸತ್ತಿದ್ದೀರಿ ಎಂಬುದು ನಿಮ್ಮ ಬರಹದಲ್ಲೇ ಕಾಣುತ್ತಿರುವುದರಿಂದ ನೇರವಾಗಿಯೇ ಬರೆಯುತ್ತಿದ್ದೇನೆ.

ನೋಡಲು ಬಂದವರ ಮುಖ ಬಾಡಿದ ಕೂಡಲೇ ಏನಾದರೊಂದು ತಮಾಷೆ ಮಾಡಿ ಅವರ ಮುಜುಗರವನ್ನು ಕಳೆಯುವುದು ನಿಮಗೆ ಅಭ್ಯಾಸವಾಗಿಬಿಟ್ಟಿತು ಎಂದು ಎರಡನೆಯ ಪುಟದಲ್ಲಿ ಹೇಳಿಕೊಂಡಿದ್ದೀರಿ. ಪ್ರಬಂಧದುದ್ದಕ್ಕೂ ಅದೇ ಉಪಚಾರವನ್ನು ಓದುಗರಿಗೂ ಮಾಡಿದ್ದೀರಿ ಎಂಬುದೇ ನನ್ನ ಮುಖ್ಯ ಆಕ್ಷೇಪ. ಬಯಾಪ್ಸಿಯ ವರದಿ ನಿಮ್ಮ ಕೈಗೆ ಬರುತ್ತದೆ, ನಾವು ಉಸಿರು ಬಿಗಿಹಿಡಿಯುತ್ತೇವೆ, ಅಷ್ಟರಲ್ಲೇ ವೈದ್ಯರ ಕೈಬರಹದ ಬಗ್ಗೆ ಒಂದು ಚಟಾಕಿ ಬಂದು ಆ ಗಳಿಗೆಯನ್ನು ಅಳಿಸಿಹಾಕುತ್ತದೆ. ನಾವು ಹೆದರಿಬಿಟ್ಟೇವು ಎಂಬ ಹೆದರಿಕೆಯಿಂದ ಬಂದ ಹಾಸ್ಯ ಅದು. ನಿಮ್ಮ ಕಾಯಿಲೆಯ ಕಥೆ ಓದಲು ತಾವಾಗಿ ಕುಳಿತವರು ಅಷ್ಟು ದುರ್ಬಲರಲ್ಲ. ಅವರನ್ನು ಬಾಗಿಲಲ್ಲಿ ನಿಂತು ಸಂತೈಸುವ ಕೆಲಸವನ್ನು ದಯವಿಟ್ಟು ಬಿಟ್ಟುಬಿಡಿ.

ಕೂದಲು ಉದುರಿದ ಭಾಗವನ್ನೇ ನೋಡೋಣ. ಶ್ಯಾಂಪೂವಿನ ಖರ್ಚು ಉಳಿಯಿತು, ಬಾಚಣಿಗೆ ನಿವೃತ್ತಿಯಾಯಿತು, ತಲೆ ಬಲ್ಬಿನಂತೆ ಹೊಳೆಯಿತು ಎಂದು ಒಂದು ಪುಟದ ತುಂಬ ಬರೆದಿದ್ದೀರಿ. ಇವುಗಳಲ್ಲಿ ಒಂದನ್ನೂ ಬರೆಯಲು ಕಿಮೊಥೆರಪಿ ಮಾಡಿಸಿಕೊಂಡಿರಬೇಕಾಗಿಲ್ಲ. ಆದರೆ ಅದರ ಕೊನೆಯಲ್ಲಿ, ರೆಪ್ಪೆ ಮತ್ತು ಹುಬ್ಬುಗಳ ಜೊತೆಗೆ ಮೂಗಿನೊಳಗಿನ ಕೂದಲೂ ಉದುರಿಹೋದದ್ದರಿಂದ ಮೂಗು ಹೇಳದೆ ಕೇಳದೆ ಸೋರುತ್ತಿತ್ತೆಂದೂ, ಧೈರ್ಯದ ಬಗ್ಗೆ ಉಪದೇಶ ಮಾಡುತ್ತಿದ್ದ ಹಿರಿಯರೊಬ್ಬರು ಅದನ್ನು ಅಳುವೆಂದು ಭಾವಿಸಿ ತಮ್ಮ ಕರವಸ್ತ್ರ ಕೊಟ್ಟು ತಾವೇ ಅತ್ತುಬಿಟ್ಟರೆಂದೂ, ಕೊನೆಗೆ ನೀವೇ ಅವರಿಗೆ ಧೈರ್ಯ ಹೇಳಿ ಕಳುಹಿಸಬೇಕಾಯಿತೆಂದೂ ಮೂರು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಇದು ನಿಮ್ಮದು. ಇದನ್ನು ಬೇರೆ ಯಾರೂ ಕುಳಿತಲ್ಲೇ ಕಲ್ಪಿಸಿ ಬರೆಯಲಾರರು. ಶ್ಯಾಂಪೂವಿಗೆ ಕೊಟ್ಟ ಜಾಗವನ್ನೆಲ್ಲ ಇದಕ್ಕೆ ಕೊಡಿ. ಅವರು ಎಲ್ಲಿ ಕುಳಿತಿದ್ದರು, ಉಪದೇಶದ ಯಾವ ಮಾತಿಗೆ ಮೊದಲ ಹನಿ ಬಿದ್ದಿತು, ಅಪಾರ್ಥವನ್ನು ತಿದ್ದಲು ನಿಮಗೇಕೆ ಮನಸ್ಸಾಗಲಿಲ್ಲ ಎಂಬುದನ್ನೆಲ್ಲ ನಿಧಾನವಾಗಿ ಬರೆಯಿರಿ.

ಕೆಂಪು ಔಷಧಿಯ ಪ್ರಸಂಗದಲ್ಲಿ ಸರಕು ಒಳ್ಳೆಯದಿದ್ದರೂ ಹೇಳುವ ಕ್ರಮ ಕೆಟ್ಟಿದೆ. ‘ಒಂದು ಬಗೆಯ ಕೆಂಪು ಔಷಧಿ’ ಎಂದೇಕೆ ಬರೆಯುತ್ತೀರಿ? ಡಾಕ್ಸೊರುಬಿಸಿನ್ ಎಂದು ಹೆಸರು ಹೇಳಿ. ಕಿಮೊಥೆರಪಿ ಮಾಡಿಸಿಕೊಂಡವರು ಅದನ್ನು ಕೆಂಪು ದೆವ್ವ ಎಂದು ಕರೆಯುವುದುಂಟು ಎಂಬುದನ್ನೂ ಸೇರಿಸಬಹುದು. ಆ ಔಷಧಿ ಒಂದೆರಡು ದಿನ ಮೂತ್ರಕ್ಕೆ ಕೆಂಪು ಬಣ್ಣ ಕೊಡುತ್ತದೆ ಎಂದು ನೀವು ಮೊದಲೇ ವಿವರಿಸಿ, ಆಮೇಲೆ ಬಚ್ಚಲಿನಲ್ಲಿ ಚೀರಿದ ಸಂಗತಿಯನ್ನು ಹೇಳುತ್ತೀರಿ. ಹೀಗಾಗಿ ಚೀರುವ ಹೊತ್ತಿಗೆ ನಮಗೆಲ್ಲ ಗೊತ್ತಿರುತ್ತದೆ, ನಿಮಗೊಬ್ಬರಿಗೇ ಗೊತ್ತಿರುವುದಿಲ್ಲ. ಹಾಗೆ ಮಾಡುವ ಬದಲು ನರ್ಸ್ ಅಂದು ಒಂದೇ ಉಸಿರಿನಲ್ಲಿ ಹೇಳಿದ ಸೂಚನೆಗಳನ್ನೆಲ್ಲ, ನೀರು ಹೆಚ್ಚು ಕುಡಿಯಿರಿ, ಜ್ವರ ಬಂದರೆ ತಡಮಾಡದೆ ಫೋನ್ ಮಾಡಿ, ಬಾಯಿಹುಣ್ಣಿನ ಕಡೆ ಗಮನವಿರಲಿ, ಜನಜಂಗುಳಿಗೆ ಹೋಗಬೇಡಿ ಎಂದು ಸಾಲಾಗಿ ಕೊಟ್ಟು, ನಡುವೆ ಎಲ್ಲೋ ಮೂತ್ರದ ಬಣ್ಣದ ಮಾತನ್ನೂ ತೂರಿಸಿಬಿಡಿ. ನೀವು ಮರೆತ ಹಾಗೆಯೇ ಓದುಗರೂ ಮರೆಯುತ್ತಾರೆ, ನಿಮ್ಮ ಜೊತೆಗೇ ಬೆಚ್ಚಿಬೀಳುತ್ತಾರೆ. ಕಿಮೊಥೆರಪಿಯ ಜೊತೆ ಕೊಡುವ ಸ್ಟೀರಾಯ್ಡ್ ಪ್ರಭಾವದಿಂದ ನಿದ್ದೆ ಬಾರದೆ ನಡುರಾತ್ರಿ ಕಪಾಟುಗಳನ್ನು ಜೋಡಿಸಿದ ಸಂಗತಿ ಚೆನ್ನಾಗಿದೆ, ಅದಕ್ಕೆ ಕೈಹಚ್ಚಬೇಡಿ.

ಇಡೀ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಡ್ರೈನ್ ಪುಸ್ತಕದ ಭಾಗ. ಸ್ತನ ತೆಗೆದ ಮೇಲೆ ಗಾಯದಲ್ಲಿ ಒಸರುವ ದ್ರವ ಹೊರಬರಲೆಂದು ಡ್ರೈನ್ ಎಂಬ ಕೊಳವೆ ಇಟ್ಟಿರುತ್ತಾರೆ. ಅದರ ತುದಿಯ ಪುಟ್ಟ ಬುರುಡೆಯಲ್ಲಿ ಸೇರಿದ್ದನ್ನು ದಿನವೂ ಅಳೆದು ಬರೆದಿಡಬೇಕು. ದಿನದ ಪ್ರಮಾಣ ಸುಮಾರು 30 ಮಿಲಿಲೀಟರ್‌ಗಿಂತ ಕೆಳಗಿಳಿದ ಮೇಲೆ ಸಾಮಾನ್ಯವಾಗಿ ಕೊಳವೆ ತೆಗೆಯುತ್ತಾರೆ. ಇಷ್ಟನ್ನು ನೀವು ಒಂದಿಷ್ಟೂ ಗಾಬರಿಯಿಲ್ಲದೆ ತಿಳಿಸಿದ್ದೀರಿ. ಆಮೇಲೆ, ಜೀವಮಾನದಲ್ಲಿ ಯಾವ ಲೆಕ್ಕವನ್ನೂ ಇಡದ ನಿಮ್ಮ ಯಜಮಾನರು ಗೆರೆ ಎಳೆದ ಪುಸ್ತಕವೊಂದನ್ನು ತಂದು, ಪ್ರತಿದಿನ ಬೆಳಿಗ್ಗೆ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು; 45 ಇದ್ದದ್ದು 55ಕ್ಕೇರಿದ ದಿನ ನಪಾಸಾದ ಮಗುವನ್ನು ನೋಡುವಂತೆ ನಿಮ್ಮನ್ನು ನೋಡಿ, ‘ನಿನ್ನೆ ಕೈ ಜಾಸ್ತಿ ಆಡಿಸಿದೆಯಾ?’ ಎಂದು ವಿಚಾರಣೆ ನಡೆಸಿದರು. ಓದುತ್ತ ನಾನು ಗಟ್ಟಿಯಾಗಿ ನಕ್ಕೆ. ಅಂಕಿಗಳನ್ನು ಅವರು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದರು ಎಂಬ ಮುಂದಿನ ಮಾತಿನಲ್ಲಿ ಅವರ ಭಯ ಎಷ್ಟಿತ್ತೆಂಬುದೂ ತಿಳಿಯಿತು. ಆದರೆ ನೀವು ಅಲ್ಲಿಗೇ ನಿಲ್ಲದೆ, ‘ಹೀಗೆ ನಮ್ಮ ಮನೆಯಲ್ಲಿ ದುಃಖವೂ ನಗುವಾಗಿ ಅರಳಿತು’ ಎಂದು ಸೇರಿಸಿದ್ದೀರಿ. ಆ ವಾಕ್ಯವನ್ನು ತೆಗೆಯಿರಿ. ಯಜಮಾನರ ಪುಸ್ತಕ ಮಾಡಿ ಮುಗಿಸಿದ ಕೆಲಸವನ್ನು ಅದು ಮತ್ತೊಮ್ಮೆ ಮಾಡಲು ಹೋಗಿ ಕೆಡಿಸುತ್ತಿದೆ.

ಕಾಯುವ ಕೊಠಡಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರ ವಿಗ್ ಜಾರಿದ ಪ್ರಸಂಗವನ್ನು ಪೂರ್ತಿ ಕೈಬಿಡಬೇಕು. ನಿಮ್ಮ ವಿಗ್ ಜಾರಿದ್ದರೆ ಅದು ನೀವು ಹೇಳಿಕೊಳ್ಳಬಹುದಾದ ಕಥೆಯಾಗುತ್ತಿತ್ತು. ಅದೇ ಕಾಯಿಲೆ ನಿಮಗೂ ಇತ್ತೆಂಬ ಮಾತ್ರಕ್ಕೆ ಆಕೆಯ ಅವಮಾನದ ಮೇಲೆ ನಿಮಗೆ ಹಕ್ಕು ಬರುವುದಿಲ್ಲ. ‘ನಮ್ಮ ದೂರದ ಸಂಬಂಧಿಯೊಬ್ಬರಿಗೂ ಇದೇ ಆಗಿತ್ತು, ಪಾಪ, ಹೋಗಿಬಿಟ್ಟರು’ ಎಂದ ನೆರೆಮನೆಯವರನ್ನು ಇಟ್ಟುಕೊಳ್ಳಿ, ಅಂಥವರು ಇಲ್ಲದ ಆಸ್ಪತ್ರೆಯ ಕಥೆಯೇ ಇಲ್ಲ. ಆದರೆ ಅವರನ್ನು ಬರಿಯ ದಡ್ಡರನ್ನಾಗಿ ಚಿತ್ರಿಸಬೇಡಿ. ಹೇಳಬಾರದ್ದನ್ನು ಹೇಳಿದೆನೆಂದು ಅವರಿಗೆ ಅರಿವಾದಾಗ ಮುಖ ಹೇಗಾಯಿತು, ಅದನ್ನು ಸರಿಪಡಿಸಲು ಹೋಗಿ ಇನ್ನೇನು ಹೇಳಿ ಕೆಡಿಸಿಕೊಂಡರು? ನಿಜವಾದ ಹಾಸ್ಯ ಇರುವುದು ಆ ಎರಡನೆಯ ಮಾತಿನಲ್ಲಿ, ಅದನ್ನೇ ನೀವು ಬರೆದಿಲ್ಲ.

ಒಂದು ವಾಕ್ಯದ ಬಗ್ಗೆ ಮಾತ್ರ ನಾನು ರಾಜಿಯಾಗಲಾರೆ. ‘ನಗುವವರ ಬಳಿ ಕ್ಯಾನ್ಸರ್ ಸುಳಿಯದು, ಸುಳಿದರೂ ನಿಲ್ಲದು’ ಎಂದು ಬರೆದಿದ್ದೀರಿ. ನಗುವಿನಿಂದ ಆತಂಕ ಸ್ವಲ್ಪ ಹೊತ್ತು ಸಡಿಲವಾದೀತು, ರಾತ್ರಿ ಕಳೆದೀತು. ಗಡ್ಡೆ ಕರಗುವುದಿಲ್ಲ, ಉಲ್ಲಾಸದ ಮನಸ್ಸಿನವರು ಹೆಚ್ಚು ಕಾಲ ಬದುಕುತ್ತಾರೆ ಎನ್ನುವುದಕ್ಕೆ ವೈದ್ಯವಿಜ್ಞಾನದಲ್ಲಿ ದೃಢವಾದ ಆಧಾರವೂ ಇಲ್ಲ. ಕಾಯಿಲೆ ಮೂಳೆಗೋ ಶ್ವಾಸಕೋಶಕ್ಕೋ ಹರಡಿರುವ ಒಬ್ಬ ಓದುಗರು ಈ ಸಾಲನ್ನು ಓದಿದರೆ, ತಾನು ಸಾಕಷ್ಟು ನಗಲಿಲ್ಲ ಎಂಬ ಅಪರಾಧವನ್ನೂ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ಶೀರ್ಷಿಕೆಗೂ ಇದೇ ದೋಷವಿದೆ. ಕಾಯಿಲೆ ಮರುಕಳಿಸದಿರಲೆಂದು 5 ವರ್ಷ ನುಂಗಬೇಕಾದ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಈಗಷ್ಟೇ ಆರಂಭಿಸಿ, ರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು ಹೊದಿಕೆ ಒದೆಯುತ್ತಿರುವುದಾಗಿ ಕೊನೆಯ ಪುಟದಲ್ಲಿ ನೀವೇ ಹೇಳುತ್ತಿರುವಾಗ, ‘ಗೆದ್ದೆ’ ಎಂದು ಹಣೆಪಟ್ಟಿ ಹಚ್ಚುವುದು ನಿಮ್ಮ ಬರಹಕ್ಕೇ ಹೊಂದುವುದಿಲ್ಲ. ‘ಡ್ರೈನ್ ಪುಸ್ತಕ’ ಎಂದಷ್ಟೇ ಇಟ್ಟರೆ ಸಾಕು ಎಂಬುದು ನನ್ನ ಸಲಹೆ.

ಮಗಳು ಹಚ್ಚೆ ಹಾಕಿಸಿಕೊಳ್ಳುತ್ತೇನೆಂದಾಗ ವರ್ಷಗಟ್ಟಲೆ ಜಗಳವಾಡಿದ ನಿಮಗೆ, ರೇಡಿಯೇಷನ್‌ಗೆ ಗುರುತಾಗಿ ಎದೆಯ ಮೇಲೆ ಅಳಿಸಲಾಗದ ಚುಕ್ಕೆಗಳನ್ನು ಹಾಕಿದ ಸಂಗತಿಯನ್ನೂ, ಅದನ್ನು ಕಂಡ ಮಗಳು ಕೇಳಿದ ಒಂದೇ ಒಂದು ಪ್ರಶ್ನೆಯನ್ನೂ ಯಾವ ಟಿಪ್ಪಣಿಯಿಲ್ಲದೆ ಬಿಟ್ಟಿದ್ದೀರಿ. ಉಳಿದ ಪುಟಗಳನ್ನೂ ಈ ಹದಕ್ಕೆ ತನ್ನಿ.

ಈಗಿನ ಬರಹದ ಅರ್ಧದಷ್ಟಾದರೂ ಕಡಿಮೆಯಾಗಲಿ, ಆಶ್ಚರ್ಯಸೂಚಕ ಚಿಹ್ನೆಗಳೆಲ್ಲ ಹೋಗಲಿ. ಯಜಮಾನರಿಗೂ ಮಗಳಿಗೂ ಅವರವರ ಭಾಗವನ್ನು ಮೊದಲು ಓದಿಸಿ ಒಪ್ಪಿಗೆ ಪಡೆಯಿರಿ; ಆಸ್ಪತ್ರೆಯವರ ಮತ್ತು ಇತರ ರೋಗಿಗಳ ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿ. ಗಡುವು ಏನೂ ಇಲ್ಲ. ರೇಡಿಯೇಷನ್ನಿನ ದಣಿವು ಇಳಿದ ಮೇಲೆ, ಕೂರಲು ಆದಾಗ ಬರೆದು ಕಳುಹಿಸಿ.

ಇತಿ,
ಸಂಪಾದಕ