ಅರ್ಧಕ್ಕೆ ಬಿಟ್ಟು ಏಳೋಕಾಗೋ ಕಲೆ ಯಾವ್ದು?

ಪ್ರಶ್ನೆ: ಮೇಡಂ, ಮಕ್ಕಳಾಗೋ ಮುಂಚೆ ತುಂಬಾ ಡ್ರಾಯಿಂಗ್ ಮಾಡ್ತಿದ್ದೆ. ಈಗ ಇಬ್ರು ಮಕ್ಕಳು, ಜೊತೆಗೆ ಆಫೀಸು. ರಾತ್ರಿ ಫೋನ್ ನೋಡ್ತಾ ಬಿದ್ಕೊಳ್ಳೋದು ಬಿಟ್ರೆ ಇನ್ನೇನಕ್ಕೂ ಕೈ ಏಳಲ್ಲ. ಆಸೆಪಟ್ಟು ಅಕ್ರಿಲಿಕ್ ಸೆಟ್ ತಗೊಂಡೆ, ಆದ್ರೆ ಕೂತ ತಕ್ಷಣ ಯಾರಾದ್ರೂ ಕರೀತಾರೆ, ವಾಪಸ್ ಬರೋಷ್ಟರಲ್ಲಿ ಬಣ್ಣ ಒಣಗಿರುತ್ತೆ, ಮೂಡೂ ಹೋಗಿರುತ್ತೆ. ಬಟ್ಟೆ ಮಡಚೋದು ಬಾಕಿ ಇದ್ಯಲ್ಲಾ ಅನ್ನೋ ಗಿಲ್ಟ್ ಬೇರೆ. ಇನ್ನು ಇದೆಲ್ಲ ನನ್ ಕೈಲಿ ಆಗಲ್ವಾ?
- ಹೆಸರು ಬೇಡ

ಉತ್ತರ: ಆಗುತ್ತೆ, ನೀವು ಆರಿಸ್ಕೊಂಡಿರೋ ಸಾಮಾನು ಸರಿ ಇಲ್ಲ ಅಷ್ಟೇ. ಅಕ್ರಿಲಿಕ್ ತಟ್ಟೇಲಿ ಒಂದ್ಸಲ ಒಣಗಿದ್ರೆ ಮುಗೀತು, ಎಷ್ಟು ನೀರು ಹಾಕಿದ್ರೂ ಕರಗಲ್ಲ. ವಾಟರ್ ಕಲರ್ ಹಾಗಲ್ಲ, ವಾರ ಬಿಟ್ಟು ಬಂದು ಒದ್ದೆ ಬ್ರಷ್ ತಾಗಿಸಿದ್ರೂ ಮತ್ತೆ ಬಣ್ಣ ಬಿಡುತ್ತೆ. ಒಂದೇ ಒಂದು ತೊಂದ್ರೆ, ದೊಡ್ಡ ಆಕಾಶ ಬಳಿಯೋಕೆ ಶುರು ಮಾಡಿ ಮಧ್ಯ ಎದ್ದು ಹೋದ್ರೆ ಒಣಗಿದ ಕಡೆ ಅಂಚು ಗೆರೆ ಬೀಳುತ್ತೆ, ಅದಕ್ಕೆ ಅಂಗೈಯಷ್ಟು ಪೇಪರ್ ತಗೊಳ್ಳಿ, 300 ಜಿಎಸ್‌ಎಂ (ಪೇಪರ್ ಎಷ್ಟು ದಪ್ಪ ಅನ್ನೋದರ ಲೆಕ್ಕ) ಇರೋದಾದ್ರೆ ಬೇಗ ಸುಕ್ಕಾಗಲ್ಲ. ಹೆಣಿಗೆ ಇಷ್ಟ ಇದ್ರೆ ಎರಡು ಕಡ್ಡಿದು ಬೇಡ, ಕ್ರೋಶಾ ಹಿಡೀರಿ, ಅಂದ್ರೆ ಒಂದೇ ಕೊಕ್ಕೆ ಕಡ್ಡೀಲಿ ಹೆಣೆಯೋದು. ಕಡ್ಡೀಲಿ ಸಾಲುಪೂರ್ತಿ ಕುಣಿಕೆಗಳು ನೇತಾಡ್ತಾ ಇರ್ತವೆ, ಮಗು ಎಳೆದ್ರೆ ಎಲ್ಲ ಜಾರುತ್ತೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ, ಅದನ್ನ ಸ್ವಲ್ಪ ಉದ್ದ ಎಳೆದು ಪಿನ್ ಸಿಕ್ಕಿಸಿ ಹಾಲುಕ್ಕೋದನ್ನ ನೋಡೋಕೆ ಓಡ್ಬಹುದು.

ರೂತ್ ಅಸಾವಾ ಅಂತ ಅಮೆರಿಕದ ಶಿಲ್ಪಿ (1926-2013), ಆರು ಮಕ್ಕಳ ತಾಯಿ. ತಂತೀನ ಕುಣಿಕೆ ಕುಣಿಕೆಯಾಗಿ ಹೆಣೆಯೋದನ್ನ 1947ರಲ್ಲಿ ಮೆಕ್ಸಿಕೋಗೆ ಹೋದಾಗ ಅಲ್ಲಿ ಬುಟ್ಟಿ ಹೆಣೆಯೋರಿಂದ ಕಲಿತ್ರು, ಆಮೇಲೆ ಮಕ್ಕಳು ಸುತ್ತ ಆಡ್ತಿರೋವಾಗ್ಲೇ ಮನೇಲಿ ಕೂತು ಆ ದೊಡ್ಡ ದೊಡ್ಡ ತೂಗೋ ಶಿಲ್ಪಗಳನ್ನ ಮಾಡಿದ್ರು. ನಾವೆಲ್ಲ ಅಸಾವಾ ಆಗ್ಬೇಕು ಅಂತಲ್ಲ, ಕೈಬಿಟ್ಟು ಎದ್ದು ಮತ್ತೆ ಅಲ್ಲಿಂದ್ಲೇ ಶುರು ಮಾಡೋಕಾಗೋ ಕೆಲಸ ಅದು, ಅದನ್ನ ಗಮನಿಸಿ ಅಂತ.

ಇನ್ನು ಗಿಲ್ಟು. ಬಟ್ಟೆ ಮಡಚೋದು ಮುಗಿದ್ಮೇಲೆ ಕೂರ್ತೀನಿ ಅಂದ್ರೆ ನೀವು ಕೂರೋದೇ ಇಲ್ಲ, ಯಾಕಂದ್ರೆ ಬಟ್ಟೆ ಮುಗಿಯೋದೇ ಇಲ್ಲ. ಆದ್ರೆ ಒಂದು ಮಾತು ನೇರವಾಗಿ ಹೇಳ್ತೀನಿ, ಮನೇಲಿ ಕೆಲಸ ಹಂಚ್ಕೊಳ್ಳೋರು ಯಾರೂ ಇಲ್ದೆ ಇರೋವಾಗ ಸ್ಕೆಚ್‌ಬುಕ್ ಕೈಗಿಟ್ಟು ಸೆಲ್ಫ್ ಕೇರ್ ಮಾಡ್ಕೋ ಅನ್ನೋದು ಆ ತಾಯಿ ತಲೆ ಮೇಲೆ ಇನ್ನೊಂದು ಕೆಲಸ ಹೇರಿದ ಹಾಗೇನೇ. ಮೊದ್ಲು ಮನೆಯವರ ಹತ್ರ ಮಾತಾಡಿ, ವಾರದಲ್ಲಿ ಇಂಥಾ ದಿನ ಇಷ್ಟು ಹೊತ್ತು ಮಕ್ಕಳು ನಿಮ್ ಜವಾಬ್ದಾರಿ, ನನ್ನ ಕರೀಬೇಡಿ ಅಂತ ಗಡಿಯಾರ ನೋಡಿ ಹೇಳಿ. "ಟೈಮ್ ಸಿಕ್ಕಾಗ" ಅಂತ ಬಿಟ್ರೆ ಆ ಟೈಮು ಸಿಗಲ್ಲ.

ಪ್ರಶ್ನೆ: ನನಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ. ಚಿತ್ರ ಬರೆದ್ರೆ ಸ್ಟ್ರೆಸ್ ಕಮ್ಮಿ ಆಗುತ್ತೆ ಅನ್ನೋದು ಬರೋರಿಗೆ ಮಾತ್ರನಾ?

ಉತ್ತರ: ಇಲ್ಲ ಕಣ್ರೀ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ಯೂನಿವರ್ಸಿಟಿಯ ಗಿರಿಜಾ ಕೈಮಲ್ ಮತ್ತವರ ತಂಡ 39 ಜನರಿಗೆ ಜೇಡಿಮಣ್ಣು, ಮಾರ್ಕರ್, ಕೊಲಾಜ್ ಸಾಮಾನು ಕೊಟ್ಟು 45 ನಿಮಿಷ ಏನಾದ್ರೂ ಮಾಡಿ ಅಂದ್ರು. ಸುಮಾರು ಮುಕ್ಕಾಲು ಪಾಲು ಜನರಿಗೆ ಸ್ಟ್ರೆಸ್ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು, ಮುಂಚೆ ಕಲೆ ಅಭ್ಯಾಸ ಇದ್ದೋರಿಗೂ ಇಲ್ದೋರಿಗೂ ಹೇಳ್ಕೊಳ್ಳೋ ಅಂಥಾ ವ್ಯತ್ಯಾಸ ಇರ್ಲಿಲ್ಲ. ಸಣ್ಣ ಸ್ಟಡಿ, ಹೋಲಿಸಿ ನೋಡೋಕೆ ಬೇರೆ ಗುಂಪೂ ಇರ್ಲಿಲ್ಲ, ಹಾಗಾಗಿ ಇದನ್ನೇ ವೇದವಾಕ್ಯ ಅನ್ಕೋಬೇಡಿ.

ಖಾಲಿ ಹಾಳೆ ನೋಡಿದ್ರೆ ಭಯ ಆಗುತ್ತೆ ಅಂದ್ರೆ ಅದೂ ಸಹಜಾನೇ. 2005ರಲ್ಲಿ 84 ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಖಾಲಿ ಹಾಳೆ ಸಿಕ್ಕೋರಿಗಿಂತ ಮಂಡಲ ಡಿಸೈನಿಗೆ, ಚೌಕಳಿ ಡಿಸೈನಿಗೆ ಬಣ್ಣ ತುಂಬಿದೋರ ಆತಂಕ ಜಾಸ್ತಿ ಇಳಿದಿತ್ತು. ಸೋ ಕಲರಿಂಗ್ ಬುಕ್ ಚಿಕ್ಕ ಮಕ್ಕಳದ್ದು ಅಂತ ನಾಚಿಕೆ ಬೇಡ. ಇನ್ನೊಂದು ಮಜಾ ಇದೆ ನೋಡಿ, ನಿಮ್ ಎಡಗೈನ ಮುಂದಿಟ್ಕೊಂಡು ಹಾಳೆ ಕಡೆ ನೋಡ್ದೇನೇ ಅದರ ಅಂಚನ್ನ ಕಣ್ಣಲ್ಲಿ ಹಿಂಬಾಲಿಸ್ತಾ ಪೆನ್ಸಿಲ್ ಎತ್ತದೆ ಗೆರೆ ಎಳೀರಿ, ಉಗುರಿನ ಬುಡ, ಗೆಣ್ಣಿನ ಮೇಲಿನ ಮಡಿಕೆ, ಸುಟ್ಟ ಕಲೆ, ಎಲ್ಲ ನಿಧಾನಕ್ಕೆ. ಬರೋ ಚಿತ್ರ ವಿಕಾರವಾಗೇ ಇರುತ್ತೆ, ಎಲ್ರದ್ದೂ, ಕಲಾವಿದರದ್ದೂ. ಹಾಳೆ ನೋಡದೇ ಬರೆದದ್ದು ಚೆನ್ನಾಗಿ ಬರ್ಬೇಕು ಅಂತ ಯಾರೂ ಕೇಳಲ್ವಲ್ಲ.

ಪ್ರಶ್ನೆ: ಪೇಂಟಿಂಗ್ ಫೋಟೋ ಸ್ಟೇಟಸ್ಸಿಗೆ ಹಾಕ್ದೆ, ಎಲ್ರೂ ಮಾರು ಮಾರು ಅಂತಾರೆ. ಶುರು ಮಾಡ್ಲಾ?

ಉತ್ತರ: ದುಡ್ಡು ಬೇಕಿದ್ರೆ ಖಂಡಿತ ಮಾಡಿ. ಆದ್ರೆ ಆರ್ಡರ್, ಡೆಡ್‌ಲೈನ್, ಕೊರಿಯರ್ ಬಂದ ದಿನದಿಂದ ಅದು ಉದ್ಯೋಗ, ವಿಶ್ರಾಂತಿಗೆ ಬೇರೆ ಏನಾದ್ರೂ ಹುಡುಕ್ಕೋಬೇಕಾಗುತ್ತೆ.

ಪ್ರಶ್ನೆ: ಹೆರಿಗೆ ಆಗಿ ನಾಲ್ಕು ತಿಂಗಳು. ಕಾರಣ ಇಲ್ದೆ ಅಳು ಬರುತ್ತೆ, ಮಗು ಎತ್ಕೊಳ್ಳೋಕೂ ಮನಸ್ಸಾಗಲ್ಲ. ಮುಂಚೆ ಹಾಡ್ತಿದ್ದೆ, ಮತ್ತೆ ಹಾಡಿದ್ರೆ ಸರಿ ಹೋಗುತ್ತಾ?

ಉತ್ತರ: ಮೊದ್ಲು ಡಾಕ್ಟರ್ ಹತ್ರ ಹೋಗಮ್ಮಾ, ಈ ವಾರಾನೇ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ರೆ ಅದು ಬಾಣಂತಿ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ, ಇದು ನಿನ್ನ ತಪ್ಪೂ ಅಲ್ಲ, ನೀನು ಕೆಟ್ಟ ತಾಯಿಯೂ ಅಲ್ಲ. ನನಗೋ ಮಗುಗೋ ಏನಾದ್ರೂ ಮಾಡ್ಕೊಂಡುಬಿಡ್ತೀನಿ ಅನ್ನೋ ಯೋಚನೆ ಬಂದ್ರೆ ಒಂದು ದಿನಾನೂ ಕಾಯ್ಬೇಡ, ಮನೆಯವರನ್ನ ಎಬ್ಬಿಸಿ ಆಸ್ಪತ್ರೆಗೆ ಹೋಗು.

ಹಾಡೋದು ಅದರ ಜೊತೆಗೆ ಇರ್ಲಿ, ಅದರ ಬದ್ಲಿಗೆ ಅಲ್ಲ. ಬ್ರಿಟನ್ನಿನಲ್ಲಿ 134 ತಾಯಂದಿರ ಮೇಲೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು, ಖಿನ್ನತೆಯ ಲಕ್ಷಣ ಸ್ವಲ್ಪ ಜೋರಾಗೇ ಇದ್ದೋರಲ್ಲಿ ಮಗು ಜೊತೆ ಗುಂಪಲ್ಲಿ ಕೂತು 10 ವಾರ ಹಾಡಿದೋರು ಮಾಮೂಲಿ ಆರೈಕೆಯಲ್ಲಿ ಇದ್ದೋರಿಗಿಂತ ಬೇಗ ಚೇತರಿಸಿಕೊಂಡ್ರು. ಹಾಗಾಗಿ ಒಬ್ಳೇ ರೂಮಲ್ಲಿ ಕೂತು ಹಾಡೋದಕ್ಕಿಂತ ಇನ್ನೊಂದಿಬ್ರು ತಾಯಂದಿರನ್ನ ಸೇರಿಸ್ಕೋ. ಡಾಕ್ಟರ್ ಏನಂದ್ರು ಅಂತ ನನಗೆ ಬರೀ, ಹೆಸರು ಹಾಕಲ್ಲ.